ತಾತನ ತಟ್ಟೆಯ ಕಾಳು

೧೯೫೧ರ ಪವಿತ್ರ ವಾರದ ಬುಧವಾರ, ಸಂಜೆ ಏಳು ಗಂಟೆ ಹತ್ತು ನಿಮಿಷ. ಡಾಕ್ಟರ್ ಪನೋರ್ಮಿತಿಸ್ ಟಾರ್ಪನ್ ಸ್ಪ್ರಿಂಗ್ಸಿನ ಚರ್ಚಿನಲ್ಲಿ ಎರಡೂ ಅಂಗೈ ಚಾಚಿ ನಿಂತಿದ್ದರು. ರೋಗ ಕಳೆಯಲೆಂದು ಹರಸಿದ ಎಣ್ಣೆಯನ್ನು ಪಾದ್ರಿ ಅವರ ಹಣೆಗೆ ಹಚ್ಚಿ ಅಂಗೈಗೆ ಬರುವಷ್ಟರಲ್ಲಿ ಮಗಳು ಫೋತಿನಿ ಪಕ್ಕದ ಬಾಗಿಲಿನಿಂದ ಬಂದು ತೋಳು ಹಿಡಿದಳು.

"ಅಪ್ಪ, ನಿಕಿತಾಸ್ ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿದೆ."

"ಕಣ್ಣು?"

"ಹಳದಿ. ನಿಲ್ಲೋಕೂ ಆಗ್ತಿಲ್ಲ ಅವನಿಗೆ."

ಹಣೆಯ ಎಣ್ಣೆ ಒರೆಸದೆಯೇ ಮೊಮ್ಮಗನ ಬಳಿಗೆ ಹೊರಟರು.

ಗ್ರೀಸಿನ ಸಿಮಿ ದ್ವೀಪದಿಂದ ಬಂದ, ಸಮುದ್ರದಡಿಯ ಸ್ಪಂಜು ಕೀಳುವ ಮುಳುಗುಗಾರರ ಹಿಂದೆಯೇ ಅಮೆರಿಕದ ಈ ಊರಿಗೆ ಬಂದವರು ಅವರು. ಸಮುದ್ರದ ಆಳದಿಂದ ಅವಸರದಲ್ಲಿ ಮೇಲೆದ್ದು ಕಾಲಿನ ಸ್ವಾಧೀನ ಕಳೆದುಕೊಂಡವರನ್ನು ವರ್ಷಗಟ್ಟಲೆ ನೋಡಿದ್ದರು. ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದರು. ಉಪವಾಸದ ವಿಷಯದಲ್ಲಿ ಪಾದ್ರಿಗಿಂತ ಬಿಗಿ. "ಹೊಟ್ಟೆ ನೋವು ಅಂದ್ರೆ ನಮ್ಮ ಡಾಕ್ಟರು ಮೊದ್ಲು, ಉಪವಾಸದ ಶುಕ್ರವಾರ ಏನ್ ತಿಂದೆ ಅಂತ ಕೇಳ್ತಾರೆ," ಎಂದು ದೋಣಿಯವರು ನಗುತ್ತಿದ್ದರು.

ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲಿಲ್ಲ. ಆಗ ಆ ದ್ವೀಪಗಳ ಕಡೆಯವರಿಗೆ ಬೇಕಾಗುವುದು ‘ಕೂಕಿಯ’ ಎಂಬ, ನಮ್ಮ ಅವರೆಯ ದೊಡ್ಡಣ್ಣನಂಥ ಹಸಿರು ಕಾಳು. ಡಾಕ್ಟರ ಹೆಂಡತಿ ತ್ಸಂಬಿಕಾ ಮಾತ್ರ ಅದನ್ನು ಹೊಸಿಲು ದಾಟಲು ಬಿಟ್ಟವಳಲ್ಲ. ರೋಡ್ಸ್ ದ್ವೀಪದಲ್ಲಿ ಅವಳ ತಮ್ಮ ಈ ಕಾಳಿನ ಸುಗ್ಗಿಯಲ್ಲಿ ಕಣ್ಣು ಹಳದಿಯಾಗಿ ಸತ್ತಿದ್ದ. ಅವಳು ತೀರಿಕೊಂಡ ಮೇಲೆ ಡಾಕ್ಟರು ಹಿತ್ತಲಲ್ಲಿ ಬೀಜ ಊರಿದರು. ಆ ಏಪ್ರಿಲ್‌ನಲ್ಲಿ ಗಿಡ ತುಂಬಾ ಕಾಯಿ.

"ಅಮ್ಮ ಇದನ್ನ ಒಲೆ ಹತ್ರಾನೂ ಸೇರಿಸ್ತಿರ್ಲಿಲ್ಲ," ಎಂದಿದ್ದಳು ಫೋತಿನಿ, ಸೋಮವಾರ ಕಾಯಿ ಸುಲಿಯುತ್ತಾ.

"ನಿಮ್ಮಮ್ಮ ಗೂಬೆಗೂ ಹೆದರೋಳು, ಗುಡುಗಿಗೂ ಹೆದರೋಳು. ಅವಳ ತಮ್ಮಂಗೆ ಆಗಿದ್ದು ಮಲೇರಿಯಾ. ಬೇಯ್ಸು."

ಊಟಕ್ಕೆ ಕೂತಾಗ ನಾಲ್ಕು ವರ್ಷದ ನಿಕಿತಾಸ್ ತಾತನ ತೊಡೆ ಏರಿದ. ತಾತ ತಮ್ಮ ತಟ್ಟೆಯಿಂದಲೇ ಒಂದೊಂದು ಕಾಳು ಬಾಯಿಗಿಟ್ಟರು. "ನೋಡು, ನನ್ನ ಮೊಮ್ಮಗ ನಿನಗಿಂತ ಒಳ್ಳೇ ಕ್ರೈಸ್ತ," ಎಂದು ಮಗಳನ್ನು ಛೇಡಿಸಿದರು.

ಬುಧವಾರ ಸಂಜೆ ಹಾಸಿಗೆಯ ಬಳಿ ಕುಳಿತು ಮಗುವಿನ ಕೆಳರೆಪ್ಪೆ ಎಳೆದು ನೋಡಿದಾಗ ಅಲ್ಲಿ ಕೆಂಪೇ ಇರಲಿಲ್ಲ. ಈ ಕಾಳಿನಿಂದ ರಕ್ತ ಒಡೆಯುವ ಕಾಯಿಲೆಯ ಬಗ್ಗೆ ಅವರು ಓದಿರಲಿಲ್ಲವೆಂದಲ್ಲ. ಅದು ದ್ವೀಪದ ಕೂಕಿಯ ಹೊಲಗಳ ಹೂವಿನ ಗಾಳಿಯಿಂದ ಬರುವುದೆಂದು ಅಲ್ಲಿಯವರು ಹೇಳುತ್ತಿದ್ದರು. ಆ ಗಾಳಿ ಸಾಗರ ದಾಟಲಾರದೆಂದು ಅವರು ನಂಬಿದ್ದರು. ಆದರೆ ಹೆಂಡತಿಯ ಮನೆತನದ ರಕ್ತ ಮಗಳ ಮೂಲಕ ಮೊಮ್ಮಗನವರೆಗೆ ದಾಟಿ ಬಂದಿತ್ತು.

ಪಕ್ಕದ ಪಟ್ಟಣದ ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ಅವರು ಆಡಿದ್ದು ಒಂದೇ ಮಾತು. "ಮಲೇರಿಯಾ ಅಲ್ಲ, ಮಗಳೇ. ನಿಮ್ಮಮ್ಮನೇ ಸರಿ."

ಮಗುವಿಗೆ ರಕ್ತ ಕೊಡದೆ ಗತಿಯಿರಲಿಲ್ಲ. ಅವನ ಗುಂಪಿನದು ಆಸ್ಪತ್ರೆಯಲ್ಲಿ ಒಂದೇ ಬಾಟಲಿ ಇತ್ತು; ಅದು ಹೋಗಿ ಬೆಳಗಾದರೂ ತುಟಿಗೆ ಬಣ್ಣ ಬರಲಿಲ್ಲ. ಅಳಿಯ ಸಾವ್ವಾಸ್ ಇನ್ನೂ ದೋಣಿಯಲ್ಲಿದ್ದ. ಫೋತಿನಿ ಐದು ತಿಂಗಳ ಬಸುರಿ. ಡಾಕ್ಟರ ಗುಂಪು ಹೊಂದಿತು; ಅವರೇ ರಕ್ತ ಕೊಟ್ಟರು. ಅವರ ಕೋಟಿನ ಜೇಬಿನಲ್ಲಿ ಎದೆನೋವಿನ ಮಾತ್ರೆ ಇದ್ದದ್ದು, ಸೋಮವಾರದ ಊಟದ ಮೇಲೆ ಅವರು ಬ್ರೆಡ್ಡು ನೀರಿನಲ್ಲೇ ಇದ್ದದ್ದು ಫೋತಿನಿಗೆ ಗೊತ್ತಿತ್ತು.

ನಿಕಿತಾಸ್ ಉಳಿದ.

ಈಸ್ಟರ್ ದಿನ ಡಾಕ್ಟರಿಗೆ ಹಾಡಲು ಎದ್ದು ನಿಲ್ಲಲಾಗಲಿಲ್ಲ. ಮಂಗಳವಾರ ಎದೆ ಹಿಡಿದುಕೊಂಡು ಹಿತ್ತಲಲ್ಲಿ ಬಿದ್ದರು. ಈಸ್ಟರ್ ವಾರದಲ್ಲಿ ಸತ್ತವರಿಗೆ ಸ್ವರ್ಗದ ಬಾಗಿಲು ತೆರೆದೇ ಇರುತ್ತದೆಂದು ನಂಬಿಕೆ. ಶವದ ಮುಂದೆ ಶೋಕಗೀತೆಯಿಲ್ಲ, ಹಬ್ಬದ ಹಾಡು. "ಪುಣ್ಯ ಮಾಡಿದ್ರು ಕಣೇ, ಎಂಥಾ ಸಾವು," ಎಂದು ಹೆಂಗಸರು ಫೋತಿನಿಯ ಕೆನ್ನೆ ಸವರಿದರು. ಅವಳು ಹಿತ್ತಲಿಗೆ ಹೋದಳು. ಗಿಡಗಳನ್ನು ಬೇರುಸಹಿತ ಕಿತ್ತು ಸುಟ್ಟಳು.

ನಲವತ್ತನೆಯ ದಿನದ ಪ್ರಾರ್ಥನೆ ಮುಗಿಸಿ, ಸಕ್ಕರೆ ಬೆರೆಸಿದ ಗೋಧಿ ಹಂಚಿ ಬಂದ ಮೇಲೆ ಸಾವ್ವಾಸ್ ಅಂಗಳದಲ್ಲಿ ಕೂತು ಬೂಟು ಬಿಚ್ಚುತ್ತಾ ಕೇಳಿದ.

"ಗೋರಿ ಶಿಲುಬೆ ಮೇಲೆ ವಯಸ್ಸು ಅರವತ್ತೇಳು ಅಂತ ಬರೆಸಿದೀಯ. ಅರವತ್ತಾದವರ ರಕ್ತ ಆಸ್ಪತ್ರೇಲಿ ತಗೊಳ್ಳೋದೇ ಇಲ್ವಂತೆ. ಮಾವನ್ನ ಹೇಗೆ ಒಪ್ಕೊಂಡ್ರು?"

"ನರ್ಸ್ ವಯಸ್ಸು ಕೇಳಿದ್ಳು."

"ನೀನು ಅಲ್ಲೇ ಇದ್ಯಾ?"

"ಪಕ್ಕದಲ್ಲೇ ಇದ್ದೆ. ನಾನು ಬಾಯ್ಬಿಟ್ಟಿದ್ರೆ ಕಳಿಸಿಬಿಡ್ತಿದ್ರು. ಅಪ್ಪ ನನ್ನ ಮುಖ ನೋಡಿದ್ರು. ನಾನು ನಿಕಿತಾಸ್ ಕಡೆ ತಿರುಗಿದೆ."

"ಏನಂದ್ರು?"

ಫೋತಿನಿ ಅವನ ಬೂಟುಗಳನ್ನು ಗೋಡೆಯ ಬದಿಗೆ ಜೋಡಿಸಿಟ್ಟಳು. ಅಪ್ಪ ಅಂಗಿಯ ತೋಳು ಮಡಿಸುತ್ತಾ, ರೋಗಿಗೆ ಜ್ವರ ಎಷ್ಟೆಂದು ತಿಳಿಸುವ ಅದೇ ದನಿಯಲ್ಲಿ ಅಂದಿದ್ದರು:

"ಐವತ್ತೆಂಟು."