ಖಾಲಿ ಬಕೆಟ್ಟಿಗೆ ಪಾಳಿ ಇಲ್ಲ

ಬೆಳಗಿನ ಐದೂವರೆ. ಘಾಟ್ಕೋಪರಿನಲ್ಲಿ ಸಾಲುಮನೆಗಳ ಹಳೆಯ ಚಾಳು ಕೆಡವಿ ಕಟ್ಟಿದ ಬಿಲ್ಡಿಂಗು. ನೆಲಮಹಡಿಯ ಲಾಂಡ್ರಿ ರೂಮಿನ ಬೀಗ ತೆಗೆಯಲು ಬಂದ ಕಾಶವ್ವ ಹಣೆ ಚಚ್ಚಿಕೊಳ್ಳುತ್ತಾರೆ. ಬಾಗಿಲ ಮುಂದೆ ಹನ್ನೊಂದು ಬಕೆಟ್ಟುಗಳು ಸಾಲಾಗಿ ನಿಂತಿವೆ. ಐದರಲ್ಲಿ ಒಂದು ಕರ್ಚೀಫೂ ಇಲ್ಲ!

"ನಳದ ಚಟ ಇನ್ನಾ ಬಿಟ್ಟಿಲ್ ನೋಡ್ರಿ ಈ ಮಂದಿಗೆ" ಎನ್ನುತ್ತ ಖಾಲಿ ಬಕೆಟ್ಟುಗಳನ್ನು ಒಂದೊಂದಾಗಿ ಬೋರಲು ಹಾಕುತ್ತಾರೆ.

ಚಾಳಿನ ಕಾಲದಲ್ಲಿ ನಳದ ಮುಂದೆ ಖಾಲಿ ಬಕೆಟ್ ಇಟ್ಟರೆ ಪಾಳಿ ಹಿಡಿದಂತೆ. ನೀರಿಗೆ ಅದು ಸರಿ. ಮಷಿನ್ನಿಗೂ ಹಾಗೇ ಮಾಡಿದರೆ? ಬಕೆಟ್ಟಿನ ಒಡೆಯರು ಒಂಬತ್ತಕ್ಕೆ ಆಕಳಿಸುತ್ತ ಇಳಿದು ಬರುವವರೆಗೆ ಮಷಿನ್ ಖಾಲಿ ಕೂತಿರಬೇಕು, ಲೋಕಲ್ ಟ್ರೇನ್ ಹಿಡಿಯುವವರು ಕೊಳೆಬಟ್ಟೆ ಹಿಡಿದು ನಿಂತಿರಬೇಕು. ಇದೆಂಥ ನ್ಯಾಯ?

ಎಪ್ಪತ್ತೆರಡು ಮನೆ, ನಾಲ್ಕು ಮಷಿನ್. ಅದರಲ್ಲೂ ಒಂದು ಸದಾ ಕೆಟ್ಟಿರುತ್ತದೆ. ದಿನಕ್ಕೆ ಇಪ್ಪತ್ತೇಳು ಪಾಳಿ. ಒಬ್ಬರು ಕಾಲೊರಸು ತುರುಕುತ್ತಾರೆ, ಇನ್ನೊಬ್ಬರು ಬಟ್ಟೆ ಒಳಗೇ ಬಿಟ್ಟು ದಾದರ್ ಮಾರ್ಕೆಟ್ಟಿಗೆ ಹೋಗುತ್ತಾರೆ. ಒಬ್ಬರ ಕೆಂಪು ಸೀರೆ ಮತ್ತೊಬ್ಬರ ಬಿಳಿ ಶರ್ಟಿಗೆ ಬಣ್ಣ ಬಿಟ್ಟರೆ ಬೈಗುಳ ಮಾತ್ರ ಕಾಶವ್ವನಿಗೆ.

ಇಂಡಿ ತಾಲ್ಲೂಕಿನಿಂದ ಗಂಡ ದಾನಪ್ಪನ ಜೊತೆ ಬಂದವರು ಇವರು. ಗಂಡ ತೀರಿಕೊಂಡ ಮೇಲೆ ಹತ್ತು ವರ್ಷ ಮನೆಮನೆ ಬಟ್ಟೆ ಒಗೆದು ಬೆರಳ ಸಂದಿಯೆಲ್ಲ ಹುಣ್ಣು. "ಈ ಕೆಲಸ ಸಿಕ್ಕ ಮ್ಯಾಲ ಕೈ ಒಣಗ್ಯಾವ್ರಿ" ಎಂದು ಅಂಗೈ ತೋರಿಸುತ್ತಾರೆ. ಈಗ ಆ ಕೆಲಸಕ್ಕೇ ಕುತ್ತು ಬಂದಿದೆ.

ಕಳೆದ ಮಂಗಳವಾರ ಸಾಲಿನ ಮೊದಲ ಬಕೆಟ್ ಸೊಸೈಟಿಯ ಸೆಕ್ರೆಟರಿ ಸೋಮನಾಥ ಅವರದು. ಖಾಲಿ. ಎರಡನೆಯದು ನಾಲ್ಕನೇ ಮಹಡಿಯ ನರ್ಸ್ ಜ್ಯೋತ್ಸ್ನಾಳದು. ಎಂಟಕ್ಕೆ ಡ್ಯೂಟಿ, ಬಕೆಟ್ಟಿನಲ್ಲಿ ಯೂನಿಫಾರ್ಮ್. ಕಾಶವ್ವ ಮೊದಲನೆಯದನ್ನು ಬೋರಲು ಹಾಕಿ ಜ್ಯೋತ್ಸ್ನಾಳ ಬಟ್ಟೆಗೆ ಮಷಿನ್ ಕೊಟ್ಟರು. ಅಷ್ಟಕ್ಕೇ ಕಮಿಟಿಯಿಂದ ಕಾಗದ ಬಂತು: ತಪ್ಪಾಯಿತೆಂದು ಶನಿವಾರ ಸಂಜೆಯೊಳಗೆ ಸಹಿ ಹಾಕಬೇಕು, ಇಲ್ಲವೇ ಕೆಲಸ ಬಿಡಬೇಕು.

ಇಂದು ಶನಿವಾರ. ಒಂಬತ್ತಕ್ಕೆ ಸೋಮನಾಥರೇ ಪೆನ್ನು ಹಿಡಿದು ಇಳಿದು ಬರುತ್ತಾರೆ.

"ಹಾಕಿಬಿಡು ಕಾಶವ್ವಾ. ಒಂದ ಸಹಿಗೆ ನಿಂದೇನ ಹೋಗ್ತದ?"

"ನಂದೇನೂ ಹೋಗೂದಿಲ್ರೀ ಸಾಹೇಬ್ರ. ಹಿಂದ ನಿಂತವರ ಪಾಳಿ ಹೋಗ್ತದ."

"ಹಂಗಾರ ಸಂಜೀಕ ಕೀಲಿ ಕೊಟ್ಟ ಹೋಗು."

"ಕೊಡ್ತೀನ್ರಿ. ಸಂಜೀತನಕ ರೂಮ್ ನಂದು, ಸರೀರಿ ಆಕಡೆ. ಮಂದಿ ನಿಂತಾರ."

ಅಬ್ಬಾ, ಆ ಗಂಟಲೇ! ಸೋಮನಾಥರು ಸರಿದು ನಿಲ್ಲುತ್ತಾರೆ. ಕಾಶವ್ವ ಮಷಿನ್ನಿನ ಗುಂಡಿ ಒತ್ತುತ್ತಾರೆ. ಹೆದರಿಕೆ ಇಲ್ಲವೇ ಎಂದರೆ ಇದೆ ಎಂದೇ ಒಪ್ಪಿಕೊಳ್ಳುತ್ತಾರೆ. ಹಾಗಾದರೆ ಈಗ ಏನು ಆಸೆ?

"ನನ್ನ ಜಾಗಾಕ್ಕ ಯಾರರೆ ಬರ್ಲಿ ಬಿಡ್ರಿ. ಬಂದಾಕಿ ನನಗಿಂತ ಗಟ್ಟಿ ಇರಬೇಕು, ಅಷ್ಟ."