ಟವೆಲ್ಲಿನ ಕೆಳಗೊಂದು ಗುರುವಾರ

ನನ್ನ ಬದುಕಿನಲ್ಲಿ ಕಾದಂಬರಿ ಅಂತ ಒಂದೇ. ಅದನ್ನೂ ಓದಲಿಲ್ಲ, ಕೇಳಿದೆ. ಕುರಿ ದಲ್ಲಾಳಿಗೆ ಕಾದಂಬರಿ ಯಾಕೆ ಎನ್ನಬೇಡಿ. ಹಲ್ಲು ನೋಡದೆ ಬೆಲೆ ಹೇಳಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಮಗಳು ಹಗಲೆಲ್ಲ ಹಿಡಿದು ಕೂರುತ್ತಿದ್ದ ಆ ಇಂಗ್ಲಿಷ್ ಪುಸ್ತಕದ ಹಲ್ಲನ್ನು ನಾನು ನೋಡಲೇಬೇಕಿತ್ತು.

ಶೋಭಾ ಆಗ ಚಿತ್ರದುರ್ಗದಲ್ಲಿ ಬಿ.ಎ. ಓದುತ್ತಿದ್ದಳು. ಹಿರಿಯೂರಿನ ಮಂಜುನಾಥನ ಜತೆ ನಿಶ್ಚಿತಾರ್ಥವಾಗಿತ್ತು. ಒಂದು ಗುರುವಾರ ಅವಳೇ ಫೋನ್ ಮಾಡಿ, ಜೋಗಿಮಟ್ಟಿ ಬೆಟ್ಟಕ್ಕೆ ಹೋಗಾಣ ಬಾ ಎಂದು ಕರೆದಿದ್ದಳು. ಬೈಕಿನಲ್ಲಿ ಹೊರಟವನು ಹೈವೇಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡ. ಆಮೇಲೆ ಹೊಳಲ್ಕೆರೆಯ ನಮ್ಮ ಮನೆಗೆ ಬಂದವಳು ಹೊಸಿಲು ದಾಟಿ ಹೊರಗೆ ಹೋಗಲಿಲ್ಲ. ಗೆಳತಿಯೊಬ್ಬಳು ಬಂದು ಈ ಪುಸ್ತಕ ಕೊಟ್ಟು ಹೋದಳು.

ಅದರ ಕತೆಯನ್ನು ಅವಳ ಬಾಯಿಂದಲೇ ಹೇಳಿಸಿದೆ. ಅದರಲ್ಲಿ ಒಬ್ಬ ಹುಡುಗಿಗೆ ಒಂದೇ ಗುರುವಾರ ಮತ್ತೆ ಮತ್ತೆ ಬೆಳಗಾಗುತ್ತದೆ. ಸಂಜೆಗೆ ಅವಳ ಹುಡುಗ ಕೆರೆಯಲ್ಲಿ ಮುಳುಗುತ್ತಾನೆ. ಕಣ್ಣು ಬಿಟ್ಟರೆ ಅದೇ ಬೆಳಿಗ್ಗೆ, ಹುಡುಗ ಬದುಕಿದ್ದಾನೆ. ಅವಳು ಜಗಳ ತೆಗೆಯುತ್ತಾಳೆ, ದೋಣಿ ಬಚ್ಚಿಡುತ್ತಾಳೆ, ಬಾಗಿಲಿಗೆ ಬೀಗ ಜಡಿಯುತ್ತಾಳೆ. ಕೆರೆ ಮಾತ್ರ ತನ್ನ ಪಟ್ಟು ಬಿಡುವುದಿಲ್ಲ.

ಕೇಳುತ್ತಾ ನನಗೆ ಸಿಟ್ಟೇ ಬಂತು. ಆ ಹುಡುಗಿಗೆ ಚೌಕಾಸಿ ಗೊತ್ತಿಲ್ಲ. ಆಸೆಯನ್ನು ಮುಖದ ಮೇಲಿಟ್ಟುಕೊಂಡು ಸಂತೆಗೆ ಹೋದವನಿಗೆ ಕುಂಟು ಕುರಿಯೇ ಗತಿ. ನಿಮಗೂ ಹೇಳುತ್ತೇನೆ: ಯಾವ ಕುರಿ ಬೇಕೋ, ಅದರ ಪಕ್ಕದ್ದನ್ನು ನೋಡುತ್ತಾ ನಿಲ್ಲಿ.

ಕೊನೆಗೇನು ಮಾಡುತ್ತಾಳೆ ಎಂದು ಕೇಳಿದೆ.

"ಏನೂ ಮಾಡಲ್ಲಪ್ಪ. ಉಳಿಸಾದು ಬಿಟ್ಟು, ಸಂಜೆ ತಂಕ ಅವನ ಜತೆ ಸುಮ್ನೆ ಕುಂತಿರ್ತಾಳೆ. ಆಮೇಲೆ ಶುಕ್ರವಾರ ಆಗ್ತೈತೆ."

ಇಷ್ಟು ದಪ್ಪ ಪುಸ್ತಕಕ್ಕೆ ಇದೂ ಒಂದು ಕೊನೆಯೇ ಎಂದು ಗೊಣಗಿದೆ.

"ನಂಗಿನ್ನೂ ಗುರುವಾರನೇ ಐತೆ," ಎಂದಳು.

ಬಸ್ಸಿಗೆ ಬಾ ಎಂದಿದ್ದರೆ, ನಾಳೆ ಬಾ ಎಂದಿದ್ದರೆ, ಫೋನೇ ಮಾಡದಿದ್ದರೆ ಎಂದು ಅವಳು ಆ ದಿನವನ್ನು ಗಾಣದೆತ್ತಿನಂತೆ ಸುತ್ತುತ್ತಿದ್ದಾಳೆಂದು ನನಗೆ ತಿಳಿದದ್ದು ಆಗಲೇ.

ನನಗೆ ಗೊತ್ತಿದ್ದ ಮದ್ದು ಒಂದೇ, ಹೊಸ ವ್ಯಾಪಾರ. ಹೊಸದುರ್ಗದ ಕಡೆಯಿಂದ ಒಂದು ಸಂಬಂಧ ಬಂದಿತ್ತು, ಹುಡುಗ ಮೇಷ್ಟ್ರು. ಅವರು ಉತ್ತರಕ್ಕೆ ಕಾದಿದ್ದರು. ಊರಿಗೆಲ್ಲ ಬುದ್ಧಿ ಹೇಳುವ ನನಗೆ ಮಗಳನ್ನು ಕೇಳಲು ಬಾಯಿ ಬರಲಿಲ್ಲ.

ನಮ್ಮ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೈಯ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಕೇಳುತ್ತೇವೆ. ಕೊಡುವ ಮನಸ್ಸಿಲ್ಲದವನು ಮುಷ್ಟಿ ಬಿಚ್ಚುವುದಿಲ್ಲ. ಶೋಭಾ ಚಿಕ್ಕವಳಿದ್ದಾಗ ಹಬ್ಬದ ಬಟ್ಟೆಗೂ ನನ್ನ ಜತೆ ಹೀಗೇ ಚೌಕಾಸಿ ಮಾಡುತ್ತಿದ್ದಳು. ಆ ನೆನಪಿನಲ್ಲೇ ಒಂದು ಮಧ್ಯಾಹ್ನ ಅವಳ ಪಕ್ಕ ಕೂತು ನನ್ನ ಕೈಯ ಮೇಲೆ ಟವೆಲ್ ಹೊದಿಸಿದೆ.

"ಹೊಸದುರ್ಗದೋರಿಗೆ ಏನಂತ ಹೇಳಾನವ್ವ?"

ಟವೆಲ್ಲಿನ ಕೆಳಗೆ ಅವಳ ಕೈ ಬಂತು. ಮುಷ್ಟಿ. ತಣ್ಣಗಿತ್ತು.

ಮುಷ್ಟಿ ಬಿಚ್ಚಿಸುವುದರಲ್ಲಿ ನನಗೆ ಸುತ್ತಲ ಸಂತೆಗಳಲ್ಲೆಲ್ಲ ಹೆಸರಿದೆ. ಒಂದೊಂದೇ ಬೆರಳು ಸವರಿ, ಮಾತು ಹಚ್ಚಿ, ನಗಿಸಿ ಬಿಡಿಸುತ್ತೇನೆ. ಅಂದು ಬಿಡಿಸಲಿಲ್ಲ. ಹಾಗೇ ಹಿಡಿದುಕೊಂಡೆ. ಹೆಂಡತಿ ದೀಪ ಹಚ್ಚುವ ತನಕ ಇಬ್ಬರೂ ಕೂತೇ ಇದ್ದೆವು.

"ಕೈ ಜೋಮು ಹಿಡೀತಪ್ಪ," ಎಂದಳು ಶೋಭಾ.

ನನ್ನದೂ ಹಿಡಿದಿದೆ ಎಂದೆ. ಇಬ್ಬರೂ ಕೈ ತೆಗೆಯಲಿಲ್ಲ.

ಮರುದಿನ ಹೊಸದುರ್ಗಕ್ಕೆ ಬೇಡವೆಂದು ಹೇಳಿ ಕಳಿಸಿದೆ. ಒಳ್ಳೆಯ ಸಂಬಂಧ ಕಳೆದುಕೊಂಡ ದಡ್ಡ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ. ವ್ಯಾಪಾರ ಕುದುರದ ದಿನ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಕುರಿಯ ಜತೆ ಮನೆಗೆ ಬರುವುದೂ ಕಸುಬೇ. ಒಂದೇ ಸಲಹೆ: ದಾರಿಯಲ್ಲಿ ಕುರಿಯನ್ನು ಅವಸರಪಡಿಸಬೇಡಿ. ಅದು ನಡೆದಷ್ಟೇ ಬೇಗ ನೀವೂ ನಡೆಯಿರಿ.