ಬಿಳಿಮಣ್ಣಿನ ಬಿಲ್ಲೆಗಳು

ಕುಂಚಾವರಂ ಕಾಡಿನಿಂದ ಬಿಳಿಮಣ್ಣು ತರುವ ಗಾಡಿ ಹಳ್ಳದಲ್ಲಿ ಮಗುಚಬಹುದಿತ್ತು. ಸೇಡಂ ಹತ್ತಿರ ಕಾಗಿಣಾ ಹೊಳೆ ತುಂಬಿ ದಾರಿ ಕಟ್ಟಬಹುದಿತ್ತು. ಶಹಾಬಾದಿನ ಕಲ್ಲುಗಣಿಯ ದೂಳು ಮಣ್ಣಿಗೆ ಬೀಳಬಹುದಿತ್ತು. ವಾಡಿ ಜಂಕ್ಷನ್ನಿನಲ್ಲಿ ಹಮಾಲ ಪೆಟ್ಟಿಗೆ ಎತ್ತಿಹಾಕಬಹುದಿತ್ತು. ಇದ್ಯಾವುದೂ ಆಗದಿದ್ದರೆ, ಪೆಟ್ಟಿಗೆ ತಬ್ಬಿಕೊಂಡು ಕೂತ ನಾನೇ ನಿದ್ದೆಹೋಗಿ ಹೈದರಾಬಾದ್ ದಾಟಿಬಿಡಬಹುದಿತ್ತು. ಹೊಟ್ಟೆಯಲ್ಲಿ ಇಷ್ಟೆಲ್ಲ ಅಪಘಾತ ಇಟ್ಟುಕೊಂಡು ಊಟಕ್ಕೆ ಜಾಗ ಎಲ್ಲಿತ್ತೋ!

ಹೈದರಾಬಾದ್ ಸಂಸ್ಥಾನ ಇನ್ನೂ ಇದ್ದ ಕಾಲ. ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ನಾನು ಹಂಗಾಮಿ ನೌಕರ. ನಾರುವ ಕಚ್ಚಾ ಎಣ್ಣೆಯಿಂದ ಗಂಧಕ ಬಿಡಿಸುವುದು ನಮ್ಮ ಕೆಲಸ. ಬಿಡಿಸುವುದು ನಿಕಲ್ ಲೋಹವೇ ಆದರೂ, ಅದು ಹರಡಿ ಕೂಡಲು ಮಣ್ಣಿನ ಬಿಲ್ಲೆ ಬೇಕು. ಶೇಂಗಾ ಹಿಂಡಿ ಎಂಬ ಚಟ್ನಿ ಹರಡಲು ರೊಟ್ಟಿ ಬೇಕಲ್ಲ, ಹಾಗೆ. ರೊಟ್ಟಿ ಕೆಟ್ಟರೆ ಹಿಂಡಿ ಒಂದು ಮೂಲೆಯಲ್ಲಿ ಮುದ್ದೆ. ನಮ್ಮ ಸೀಮೆಯ ಮಣ್ಣೇ ಸಾಕೆಂದು ಸಾಹೇಬರ ಮುಂದೆ ಬಾಯಿಬಿಟ್ಟವನು ನಾನು. ಬಿಲ್ಲೆ ಪಾಸಾದರೆ ನೌಕರಿ ಕಾಯಂ, ಇಲ್ಲವಾದರೆ ಮನೆ.

ಮಣ್ಣು ಕಲಸಿ ಬಿಲ್ಲೆ ತಟ್ಟಲೆಂದು ಶಹಾಬಾದಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಂಗಳದ ಹಾಸುಗಲ್ಲಿನ ಮೇಲೆ ಹಸಿ ಬಿಲ್ಲೆಗಳನ್ನು ಒಣಹಾಕಿದೆ. “ಕಾಗಿ, ನಾಯಿ ಮುಟ್ಟದಂಗ ನೋಡ್ರಿ” ಎಂದು ಮನೆಯೊಡತಿ ಅವ್ವನಿಗೆ ಒಪ್ಪಿಸಿ, ಹೈದರಾಬಾದ್ ರೈಲು ವಿಚಾರಿಸಲು ವಾಡಿಗೆ ಹೊರಟೆ.

“ನಿಮ್ಮ ಜೀವಕ್ಕ ಸಮಾಧಾನೇ ಇಲ್ಲಬಿಡ್ರಿ. ಹೋಗಿಬರ್ರಿ” ಎಂದು ಅವರು ನಕ್ಕರು.

ಗಾಡಿ, ಹೊಳೆ, ಹಮಾಲ, ನಿದ್ದೆ ಎಲ್ಲವೂ ನನ್ನ ಕೈಹಿಡಿದವು. ಆದರೆ ಪ್ರಯೋಗಾಲಯದ ಭಟ್ಟಿಯಿಂದ ಹೊರಬಂದ ಬಿಲ್ಲೆಗಳು ಗಾಜಿನಂತೆ ಹೊಳೆಯುತ್ತಿದ್ದವು. ಮಣ್ಣಿನ ಸೂಕ್ಷ್ಮ ರಂಧ್ರಗಳೆಲ್ಲ ಮುಚ್ಚಿಹೋಗಿದ್ದವು; ನಿಕಲ್ ಒಳಗಿಳಿಯಲಾರದೆ ಮೇಲೆಯೇ ಗಂಟುಗಂಟಾಯಿತು.

“ಕ್ಷಾರ ಸೇರೇದ, ಅದಕ್ಕ ಮಣ್ಣು ಕರಗೇದ. ಏನ್ ಬೆರಿಸಿದ್ರಿ?” ಎಂದರು ಸಾಹೇಬರು.

ನನ್ನ ಅಷ್ಟು ಭಯಗಳಲ್ಲಿ ಕ್ಷಾರಕ್ಕೆ ಜಾಗವೇ ಸಿಕ್ಕಿರಲಿಲ್ಲ.

ನೌಕರಿ ಹೋಯಿತು. ಕೋಣೆ ಖಾಲಿ ಮಾಡಲು ಶಹಾಬಾದಿಗೆ ಬಂದೆ. ಅವ್ವ ಹಣೆಯ ತುಂಬ ವಿಭೂತಿ ಧರಿಸಿ, ಚಹಾ ಹಿಡಿದು ಬಂದರು.

“ನಿಮ್ಮ ವಿಭೂತಿ ಗಟ್ಟಿ ಛಲೋ ಬಂದ್ವೇನ್ರಿ?”

“ಯಾವ ವಿಭೂತಿ?”

“ಅಯ್ಯ, ನಮಗ ತಿಳಿಯಂಗಿಲ್ಲೇನ್ರಿ? ಗಂಡಸ್ರು ನೀವು, ಹಸೀವು ಹಂಗೇ ಕಲ್ಲಮ್ಯಾಗ ಇಟ್ಟು ಹೋಗಿದ್ರಿ. ಹತ್ಕೊಂಡು ಒಡೀತಾವಂತ ಒಂದೊಂದೇ ಎತ್ತಿ ಸೆಗಣಿ ಕುಳ್ಳಿನ ಬೂದ್ಯಾಗ ಹೊಳ್ಳಾಡಿಸಿ ಇಟ್ಟೀನಿ. ಒಂದರ ಒಡೀತೇನು?”

“ಇಲ್ರಿ ಅವ್ವ, ಭಾಳ ಉಪಕಾರ ಆತು” ಎಂದು ಹಾಸಿಗೆ ಸುತ್ತತೊಡಗಿದೆ. ಒಂದೂ ಒಡೆದಿರಲಿಲ್ಲ. ಒಂದಿಷ್ಟು ಬೂದಿ, ಅದರ ಕ್ಷಾರ ಹತ್ತಿತ್ತು, ಅಷ್ಟೇ.